ಮುಚ್ಚಳದ ಒಳಮೈ

ಬೆಳಿಗ್ಗೆಯಿಂದ ಡಯಾನಾಳ ಗಮನವೆಲ್ಲ ತನ್ನ ಕೈಗಳ ಮೇಲೆಯೇ ಇತ್ತು. ರೈಲಿನಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡ ಆ ಕೈಗಳು ನಡುಗಬಹುದು ಎಂದು ಅವಳು ಕಾದಿದ್ದಳು, ನಡುಗಲಿಲ್ಲ. ಜರ್ಮನಿಯ ಎರ್ಲಾಂಗೆನ್‌ನ ಮನೆಯಿಂದ ನಲವತ್ತು ನಿಮಿಷ, ಹನ್ನೊಂದು ವರ್ಷದಿಂದ ಹೋಗಿಬರುತ್ತಿರುವ ದಾರಿ, ಅದೇ ಹೊಲ, ಅದೇ ಕಾರ್ಖಾನೆಯ ಗೋಡೆ, ಅದರ ಮೇಲೆ ಯಾರೋ ಬರೆದು ಯಾರೋ ಅಳಿಸಿದ ನೀಲಿ ಬಣ್ಣ. ಕ್ಯಾಥೆಡ್ರಲ್ ಮ್ಯೂಸಿಯಮ್ಮಿನಲ್ಲಿ ಅವಳದು ಹಳೆಯ ವಸ್ತುಗಳು ಇನ್ನಷ್ಟು ಹಾಳಾಗದ ಹಾಗೆ ನೋಡಿಕೊಳ್ಳುವ ಕೆಲಸ. ಎಂಟುನೂರು ವರ್ಷದ ಹಿಂದಿನ ಬಿಷಪ್ಪನೊಬ್ಬನ ನಿಲುವಂಗಿಯಿಂದ ಕಳಚಿಕೊಳ್ಳುತ್ತಿರುವ ಚಿನ್ನದ ಎಳೆ, ಯಾವನೋ ಸಂತನ ತೋಳಿನ ಎಲುಬನ್ನು ಒಳಗಿಟ್ಟುಕೊಂಡ ಬೆಳ್ಳಿಯ ಕೈ, ಮರದ ಮೇರಿಯಮ್ಮನ ಕೆನ್ನೆಯಿಂದ ಏಳುತ್ತಿರುವ ಬಣ್ಣದ ಹಕ್ಕಳೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಕೈ ನಡುಗುವವರಿಗಲ್ಲ. ಶನಿವಾರ ಅವಳಿಗೆ ರಜೆ. ಆದರೂ ಇವತ್ತು ಹೊರಟಿದ್ದಳು, ಯಾಕೆಂದರೆ ಸಂಜೆ ನಾಲ್ಕಕ್ಕೆ ಮ್ಯೂಸಿಯಮ್ಮಿನ ಸಭಾಂಗಣದಲ್ಲಿ ಡಾ. ಯತಿರಾಜ್ ಅವರ ಉಪನ್ಯಾಸವಿತ್ತು. ಅದಕ್ಕೆ ಮೊದಲು, ಹನ್ನೊಂದು ಗಂಟೆಗೆ, ಅವರಿಗೆ ದಂತದ ಪೆಟ್ಟಿಗೆಯನ್ನು ತೋರಿಸುವ ಜವಾಬ್ದಾರಿ ಅವಳದು. ಯಾರೂ ಹೊರಿಸಿದ್ದಲ್ಲ; ಕೇಳಿ ಪಡೆದದ್ದು.

"ನಾನೂ ಬರ್ಬೇಕಾ?" ಎಂದು ಗಂಡ ಜೇಸನ್ ತಿಂಡಿಯ ಹೊತ್ತಿಗೆ ಕೇಳಿದ್ದ. "ಬೇಡ" ಎಂದಿದ್ದಳು. "ಇಪ್ಪತ್ತು ವರ್ಷ ಆಯ್ತು ಮಾರಾಯ್ತಿ. ಆ ಮನುಷ್ಯ ಮುದುಕ ಆಗಿರ್ಬಹುದು." "ಉಪನ್ಯಾಸ ಕೊಡ್ಲಿಕ್ಕೆ ತ್ರಾಣ ಉಂಟಲ್ಲ?" ಎಂದು ಅವಳು ಬ್ರೆಡ್ಡಿಗೆ ಬೆಣ್ಣೆ ಸವರಿದ್ದಳು. ಮಗಳು ಸ್ವೀಡಲ್ ಫೋನಿನಿಂದ ತಲೆಯೆತ್ತಿ, ಮಮ್ಮಿ ನೀನು ಒಂಥರಾ ನಗ್ತಾ ಇದ್ದೀ ಎಂದು ಜರ್ಮನ್‌ನಲ್ಲಿ ಹೇಳಿ ಮತ್ತೆ ಫೋನಿಗೆ ಬಗ್ಗಿದಳು. ನಗುತ್ತಿದ್ದೇನೆಂದು ಡಯಾನಾಳಿಗೆ ಗೊತ್ತೇ ಇರಲಿಲ್ಲ. ಜೇಸನ್‌ಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಇನ್ನರ್ಧವನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾಲ್ಕು ವರ್ಷಗಳಿಂದ ಅದನ್ನು ಬಾಯಿಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಳು.

ಗೊತ್ತಿದ್ದ ಅರ್ಧ ಇದು. ಮೈಸೂರಿನಲ್ಲಿ ಅವಳು ಯತಿರಾಜರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಇಪ್ಪತ್ತಾರು ವರ್ಷ, ಕಲ್ಯಾಣಪುರದ ಹುಡುಗಿ, ಹಾಸ್ಟೆಲ್ಲಿನ ಮೂಲೆ ಕೋಣೆ. ಗ್ರಂಥಾಲಯದಲ್ಲಿ ಯಾರೂ ತೆಗೆಯದ ಒಂದು ಹಳೇ ಜರ್ಮನ್ ಪುಸ್ತಕವಿತ್ತು, ಈ ಕ್ಯಾಥೆಡ್ರಲ್ಲಿನ ಭಂಡಾರದ ಚಿತ್ರಗಳ ಪುಸ್ತಕ. ಅದರಲ್ಲೊಂದು ದಂತದ ಪೆಟ್ಟಿಗೆ; ಒಳಗೆ ಒಬ್ಬ ಸಂತ ಮಹಿಳೆಯ ಎಲುಬಿನ ಚೂರುಗಳಿದ್ದವಂತೆ. ಮುಚ್ಚಳದ ಒಳಮೈಯ ಒಂದು ಕಪ್ಪುಬಿಳುಪು ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗ ಗೀರುಗಳ ನಡುವಿನಿಂದ ಮೂರು ಅಕ್ಷರಗಳು ಅವಳ ಕಡೆಗೆ ತಿರುಗಿ ನೋಡಿದವು. ಹಳಗನ್ನಡದ ಶಾಸನಗಳಲ್ಲಿ ಕಾಣುವ ದುಂಡು ಅಕ್ಷರ. ಮಾ, ದೋ, ಜ. ಮಾದೋಜ, ಒಬ್ಬ ಕುಶಲಕರ್ಮಿಯ ಹೆಸರು. ಅವತ್ತು ಅವಳು ಊಟ ಮಾಡಿರಲಿಲ್ಲ. ಎಂಟುನೂರು ವರ್ಷದ ಹಿಂದೆ ತನ್ನ ಕಡಲತೀರದಿಂದ ಹಡಗು ಹತ್ತಿದ ಒಬ್ಬನನ್ನು, ತನ್ನ ಹೆಸರನ್ನು ಯಾರಿಗೂ ಕಾಣದ ಜಾಗದಲ್ಲಿ ಕೊರೆದು ಸುಮ್ಮನಾದವನನ್ನು, ಅವಳು ಎಷ್ಟು ಹಚ್ಚಿಕೊಂಡಳೆಂದರೆ ಕನಸಿನಲ್ಲಿ ಅವನು ತುಳು ಮಾತಾಡಿದ. ಸೆಮಿನಾರಿನಲ್ಲಿ ಎದ್ದು ನಿಂತು, "ಸರ್, ಮುಚ್ಚಳದಲ್ಲಿ ಬರಹ ಉಂಟು" ಎಂದಳು. ಯತಿರಾಜರು ಕನ್ನಡಕ ತೆಗೆದರು. "ಉಂಟಂತೆ! ಇದೇನು ಯಕ್ಷಗಾನವೇನಮ್ಮಾ?" ಹದಿನಾಲ್ಕು ಜನ ನಕ್ಕರು. ಅವಳು ಎಣಿಸಿದ್ದಳು. "ನಿಮ್ಮೋರಿಗೆ ಎಲ್ಲಿ ನೋಡಿದ್ರೂ ಚರ್ಚೇ ಕಾಣ್ಸುತ್ತೆ. ಆ ಹಾಳೆಗಳನ್ನ ಇಲ್ಲಿಟ್ಟು ಹೋಗು, ನೋಡ್ತೀನಿ." ಅವಳು ಪ್ರತಿ ಗೀರನ್ನೂ ಎಳೆದಿದ್ದ ಹನ್ನೆರಡು ಹಾಳೆಗಳನ್ನು ಇಟ್ಟು ಹೋದಳು. ಮುಂದಿನ ವರ್ಷ ಅವು ಯತಿರಾಜರ ಲೇಖನವಾದವು, ಆಮೇಲೆ ಪುಸ್ತಕ, ಪತ್ರಿಕೆಯಲ್ಲಿ ಶಾಲು ಹೊದೆಸಿಕೊಂಡ ಚಿತ್ರ. ಕೇಳಲು ಹೋದವಳನ್ನು ಅವರು ಕೂರಿಸಿ, "ಅಕ್ಷರ ಯಾರ ಸ್ವತ್ತೂ ಅಲ್ಲಮ್ಮಾ, ನೋಡೋ ಕಣ್ಣು ಬೇಕು" ಎಂದು ಬೆನ್ನು ತಟ್ಟಿದರು. ಆ ತಟ್ಟುವಿಕೆಗೆ ತಾನು "ಹೌದು ಸರ್" ಎಂದದ್ದು, ಹೇಳಿ ಬಾಗಿಲು ದಾಟಿದ ಮೇಲೆ "ಥ್ಯಾಂಕ್ಯೂ ಸರ್" ಎಂದೂ ಸೇರಿಸಿದ್ದು, ಈಗಲೂ ಪಾತ್ರೆ ತೊಳೆಯುವಾಗ, ರೈಲಿಗೆ ಕಾಯುವಾಗ, ನೆನಪಿಗೆ ಬಂದರೆ ಅವಳ ಕಿವಿ ಬಿಸಿಯಾಗುತ್ತದೆ. ಅವರು ಕದ್ದದ್ದಕ್ಕಿಂತ ಹೆಚ್ಚಾಗಿ ಆ ಥ್ಯಾಂಕ್ಯೂವನ್ನು ಅವಳಿಗೆ ಕ್ಷಮಿಸಲಾಗಿಲ್ಲ. ಥೀಸಿಸ್ ನಿಂತುಹೋಯಿತು. ಜೇಸನ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಮೂವತ್ತು ದಾಟಿದ ಮೇಲೆ ಹೊಸ ಭಾಷೆಯಲ್ಲಿ ಹೊಸ ವಿದ್ಯೆ ಕಲಿತಳು. ಮೂವತ್ತೈದಕ್ಕೆ ಈ ಮ್ಯೂಸಿಯಮ್ಮಿನಲ್ಲೇ ಕೆಲಸ ಹಿಡಿದಳು. ಜನ ಇದನ್ನು ಆಕಸ್ಮಿಕ ಅಂದುಕೊಂಡಿದ್ದರು.

ಸ್ಟೇಷನ್ನಿನಿಂದ ಏರಿನ ಕಲ್ಲುಹಾಸಿನ ದಾರಿ. ಕ್ಯಾಥೆಡ್ರಲ್ಲಿನ ದೊಡ್ಡ ಬಾಗಿಲಿನ ಮುಂದೆ ಅಭ್ಯಾಸದಂತೆ ಶಿಲುಬೆಯ ಗುರುತಿಗೆ ಎತ್ತಿದ ಕೈ ಮಫ್ಲರ್ ಸರಿಮಾಡಿಕೊಂಡು ಕೆಳಗಿಳಿಯಿತು. ಯತಿರಾಜರು ಆಗಲೇ ಬಂದು ನಿಂತಿದ್ದರು. ಎಷ್‌ಬಾರ್ನ್‌ನಲ್ಲಿ ಅವರ ಮಗನ ಮನೆ. ಅಲ್ಲಿಂದ ಕರೆತಂದ ಸುನಿಲಕುಮಾರ ಪಕ್ಕದಲ್ಲಿದ್ದ, ನ್ಯೂರೆಂಬರ್ಗಿನ ಕನ್ನಡ ಸಂಘದ ಕಾರ್ಯದರ್ಶಿ. ಈ ಉಪನ್ಯಾಸ ಅವನ ಸಂಘದ ಹೆಸರಿನಲ್ಲೇ ನಡೆಯುತ್ತಿತ್ತು. ಅವಳು ಕಲ್ಪಿಸಿಕೊಂಡದ್ದು ಎತ್ತರದ ಯತಿರಾಜರನ್ನು. ಇಲ್ಲಿದ್ದವರು ಮಗನ ದೊಗಲೆ ಜಾಕೆಟ್ಟಿನೊಳಗೆ ಕುಗ್ಗಿದ್ದ ಎಪ್ಪತ್ತೆರಡರ ಮನುಷ್ಯ, ಮಂಗನ ಟೊಪ್ಪಿ, ಮೂಗಿನ ತುದಿಯಲ್ಲೊಂದು ಹನಿ. ಅವಳಿಗೆ ಮೋಸವಾದ ಹಾಗೆ ಅನ್ನಿಸಿತು. ಇವರನ್ನಲ್ಲ ತಾನು ಇಷ್ಟು ವರ್ಷ ಸಾಕಿಕೊಂಡು ಬಂದದ್ದು.

"ನಮ್ಮ ಡಯಾನಾ!" ಎಂದು ಅವರು ಎರಡೂ ಕೈ ಚಾಚಿದರು. "ನೋಡಿ ಸುನಿಲ್, ನನ್ನ ಸ್ಟೂಡೆಂಟ್ ಇವಳು. ಮಾದೋಜನ್ನ ಹುಡುಕಿದ್ದು ನಾನು, ಮಾದೋಜನ ಪೆಟ್ಟಿಗೆ ಕಾಯೋಕೆ ಹೋಗಿ ಕೂತಿದ್ದು ನನ್ನ ಸ್ಟೂಡೆಂಟು. ಎಂಥಾ ಯೋಗ, ಅಲ್ವೇ?"

"ಸೂಪರ್ ಸರ್" ಎಂದ ಸುನಿಲಕುಮಾರ. "ಮೇಡಂ, ನೀವು ಸರ್ ಸ್ಟೂಡೆಂಟ್ ಅಂತ ಹೇಳೇ ಇರ್ಲಿಲ್ವಲ್ಲ. ಇನ್ವಿಟೇಶನ್ನಲ್ಲಿ ಹಾಕ್ತಿದ್ವಿ."

ಯತಿರಾಜರ ಮುಖದಲ್ಲಿ ಒಂದು ಸಣ್ಣ ಅಳುಕಾದರೂ ಇದೆಯೇ ಎಂದು ಅವಳು ಹುಡುಕಿದಳು, ಬಣ್ಣದ ಪದರದ ಕೆಳಗೆ ಇನ್ನೊಂದು ಪದರ ಹುಡುಕುವ ಹಾಗೆ. ಇರಲಿಲ್ಲ. ಅವರು ಮರೆತಿರಲಿಲ್ಲ, ಮುಚ್ಚಿಡುತ್ತಲೂ ಇರಲಿಲ್ಲ. ಅವರ ಲೆಕ್ಕದಲ್ಲಿ ನಡೆದದ್ದೇ ಹಾಗೆ. ತಾವು ಕಂಡರು, ಅವಳು ಗೆರೆ ಎಳೆದುಕೊಟ್ಟಳು. ಇದನ್ನು ಅವಳು ಎಣಿಸಿರಲಿಲ್ಲ. ಮೆಟ್ಟಿಲಲ್ಲಿ ಅವರು ಅವಳ ಮೊಣಕೈ ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ.

ಭಂಡಾರದ ಕೋಣೆಯಲ್ಲಿ ಬೆಳಕು ಮಂದ. ಗಾಜಿನ ಪೆಟ್ಟಿಗೆಗಳೊಳಗೆ ಚಿನ್ನ, ಎಲುಬು, ಹರಳು. ಮೂಲೆಯಲ್ಲಿ, ಎದೆಯ ಎತ್ತರದಲ್ಲಿ, ದಂತದ ಪೆಟ್ಟಿಗೆ. ಒಂದು ಗೇಣು ಅಗಲ, ಹಳೆಯ ಹಲ್ಲಿನ ಬಣ್ಣ, ಮುಚ್ಚಳದ ಅಂಚಿಗೆ ಮರದ ಪಟ್ಟಿ, ಮೈತುಂಬ ವೃತ್ತದೊಳಗೆ ವೃತ್ತ. ಮುಚ್ಚಳ ಮುಚ್ಚಿತ್ತು. ಯತಿರಾಜರು ಗಾಜಿಗೆ ಹಣೆ ತಾಗುವಷ್ಟು ಬಗ್ಗಿದರು. ಅವರ ಉಸಿರು ಗಾಜಿನ ಮೇಲೆ ಮಂಜಾಗಿ ಕೂತು ಆರುತ್ತಿತ್ತು. ಇವರು ನಿಜವಾಗಿ ಪ್ರೀತಿಸುತ್ತಾರೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟು ಬಂತು. ಮಾದೋಜನನ್ನು ಇವರೂ ಪ್ರೀತಿಸಿದರೆ ತನಗೆ ಉಳಿದದ್ದೇನು?

"ಎರಡು ಸಲ ಕಾಗದ ಬರೆದೆ ಇವರಿಗೆ" ಎಂದರು ಅವರು ಗಾಜಿನ ಕಡೆಗೇ. "ನೋಡೋಕೆ ಬಿಡಿ ಅಂತ. ಆಗೊಲ್ಲ ಅಂದ್ರು. ಬರೀ ಆ ಫೋಟೋ ನೋಡ್ಕೊಂಡೇ ಬರೆದಿದ್ದು ಅಷ್ಟೂ." ಆಮೇಲೆ ತಿರುಗಿ, ಹುಡುಗನ ಹಾಗೆ ದನಿ ತಗ್ಗಿಸಿ, "ಒಂದ್ಸಲ ತೆಗೆದು ತೋರಿಸ್ತೀಯಾಮ್ಮ? ಮುಚ್ಚಳದ ಒಳಗಡೆ. ಒಂದೇ ನಿಮಿಷ. ಮುಟ್ಟೋದಿಲ್ಲ."

ಕೀಲಿ ಅವಳ ಕೋಟಿನ ಜೇಬಿನಲ್ಲಿತ್ತು. ತೆಗೆಯಲು ಅವಳಿಗೆ ಅಧಿಕಾರವೂ ಇತ್ತು. ನಿರ್ದೇಶಕಿ ಫ್ರಾವ್ ಹೋಲ್ಷರ್ ನಿನ್ನೆಯೇ, ಅತಿಥಿಗೆ ಬೇಕಿದ್ದರೆ ತೆರೆದು ತೋರಿಸಿ ಎಂದಿದ್ದರು. ನಾಲ್ಕು ವರ್ಷದ ಹಿಂದೆ, ಈ ಪೆಟ್ಟಿಗೆಯ ತಪಾಸಣೆಯ ಸರದಿ ಕೊನೆಗೂ ಬಂದ ಒಂದು ಮಧ್ಯಾಹ್ನ, ಅವಳು ಮೊದಲ ಬಾರಿಗೆ ಇದನ್ನು ತನ್ನ ಮೇಜಿನ ಮೇಲಿಟ್ಟುಕೊಂಡು, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಮುಚ್ಚಳವನ್ನು ಬೋರಲು ಹಾಕಿದ್ದಳು. ಮೂರು ಅಕ್ಷರ ಸಿಗಲಿಲ್ಲ. ತಿರುಗಿಸಿದಳು, ಸಿಗಲಿಲ್ಲ. ಹಳೇ ಪುಸ್ತಕ ತರಿಸಿ ಪಕ್ಕದಲ್ಲಿಟ್ಟಾಗ ತಿಳಿಯಿತು: ಅಚ್ಚು ಹಾಕಿದವರು ಆ ಚಿತ್ರವನ್ನು ಎಡಬಲ ತಿರುಗುಮುರುಗಾಗಿ ಹಾಕಿದ್ದರು. ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಪ್ರತಿ ದುಂಡಿನ ನಟ್ಟನಡುವೆ ಒಂದು ತೂತು, ಸೂಜಿಮೊನೆಯಷ್ಟು. ಕೈವಾರದ ಕಾಲು ಊರಿದ ಗುರುತು. ಹೊರಗಡೆ ವೃತ್ತಗಳನ್ನು ಕೊರೆಯುವ ಮುಂಚೆ ಯಾರೋ ಕೆಲಸಗಾರ ಒಳಗಡೆ ಕೈವಾರವನ್ನು ಪರೀಕ್ಷಿಸಿ ನೋಡಿದ್ದ, ಅಷ್ಟೇ. ಎಲ್ಲಿಯವನೋ, ಇಟಲಿಯ ಕಡೆ ಸಿಸಿಲಿಯವನಿರಬೇಕು. ಮಾದೋಜ ಇರಲೇ ಇಲ್ಲ. ಅವತ್ತು ಅವಳು ಕೈಗವಸು ತೆಗೆದು, ಶೌಚಾಲಯಕ್ಕೆ ಹೋಗಿ, ನಲ್ಲಿ ಬಿಟ್ಟು ಅತ್ತಳು, ಹತ್ತಿರದವರು ಸತ್ತಂತೆ. ಮುಖ ತೊಳೆದು ಕನ್ನಡಿ ನೋಡುವಾಗ ಇನ್ನೊಂದು ವಿಷಯ ಹೊಳೆಯಿತು. ಹಾಗಾದರೆ ಅವರು ಕದ್ದದ್ದು ಏನನ್ನು? ತನ್ನ ತಪ್ಪನ್ನು. ಅದನ್ನು ಪುಸ್ತಕ ಮಾಡಿದ್ದಾರೆ, ಅದರ ಮೇಲೆ ಶಾಲು ಹೊದ್ದಿದ್ದಾರೆ, ಅದರ ಮೇಲೆ ಮನೆ ಕಟ್ಟಿ ಕೂತಿದ್ದಾರೆ. ವರದಿಯಲ್ಲಿ 'ಕೈವಾರದ ಗುರುತುಗಳು, ಬರಹವಿಲ್ಲ' ಎಂದು ಒಂದು ಸಾಲು ಬರೆದು, ಯಾರೂ ಓದದ ಕಡತಕ್ಕೆ ಸೇರಿಸಿದಳು. ಯತಿರಾಜರಿಗೆ ಒಂದು ಇಮೇಲನ್ನೂ ಬರೆದಳು, ಕಳಿಸಲಿಲ್ಲ.

"ಕೀ ಉಂಟು ಸರ್" ಎಂದಳು ಈಗ. ಉಂಟು ಎಂಬಲ್ಲಿ ತುಸು ನಿಂತಳು. "ತೆಗೆಯುವ ಹಾಗಿಲ್ಲ. ನಿಯಮ."

"ನನಗೋಸ್ಕರ?"

"ಹೊರಗೆ ಚಳಿ ಹೆಚ್ಚು ಸರ್. ದಂತ ಬಿರುಕು ಬಿಡ್ತದೆ."

ಮುದುಕ ತಲೆಯಾಡಿಸಿದರು. "ಸರಿ, ಸರಿ. ನಿಯಮ ಅಂದ್ರೆ ನಿಯಮ." ಗಾಜಿನ ಮೇಲೆ ತಮ್ಮ ಹಣೆಯ ಗುರುತನ್ನು ಜಾಕೆಟ್ಟಿನ ತೋಳಿನಿಂದ ಒರೆಸಿದರು. ಆ ಒರೆಸುವಿಕೆಯನ್ನು ಅವಳು ನೋಡಬಾರದಿತ್ತು. ತೆರೆದು ತೋರಿಸಿದ್ದರೆ ಅವರಿಗೆ ಇನ್ನೂ ಐದು ಗಂಟೆ ಸಮಯವಿತ್ತು. ವಿದ್ವಾಂಸರು, ಕಂಡರೆ ತಿಳಿಯುತ್ತಿತ್ತು. ಗಂಟಲು ಕೆಟ್ಟಿದೆ ಅಂತಲೋ ಬೇರೆ ವಿಷಯ ಅಂತಲೋ ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದರು. ಅದೆಲ್ಲ ಅವಳಿಗೆ ಗೊತ್ತಿತ್ತು. ಜೇಬಿನೊಳಗೆ ಕೀಲಿ ಬೆಚ್ಚಗಾಗಿತ್ತು.

ನಾಲ್ಕಕ್ಕೆ ಸಭಾಂಗಣದಲ್ಲಿ ಎಪ್ಪತ್ತು ಜನ. ಎರ್ಲಾಂಗೆನ್, ನ್ಯೂರೆಂಬರ್ಗಿನಿಂದ ಬಂದ ಕನ್ನಡದ ಕುಟುಂಬಗಳು, ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಹಿಂದಿನ ಸಾಲಿನಲ್ಲಿ ಊರಿನ ಕೆಲವು ಜರ್ಮನ್ ವೃದ್ಧರು. ಡಯಾನಾ ಎರಡನೇ ಸಾಲಿನಲ್ಲಿ ಫ್ರಾವ್ ಹೋಲ್ಷರ್ ಪಕ್ಕ ಕೂತಳು. ಉಪನ್ಯಾಸದ ನಂತರ ಪರದೆಯ ಮೇಲೆ ಮುಚ್ಚಳದ ಒಳಮೈಯ ಹೊಸ ಚಿತ್ರವನ್ನು, ನಾಲ್ಕು ವರ್ಷದ ಹಿಂದೆ ತಾನೇ ತೆಗೆದದ್ದನ್ನು, ತೋರಿಸಬೇಕೆಂದು ನಿರ್ದೇಶಕಿಗೆ ಸೂಚಿಸಿದ್ದು ಅವಳೇ, ಅತಿಥಿಗೆ ಗೌರವವಾಗಿ. "ಎಷ್ಟು ಒಳ್ಳೆಯ ಯೋಚನೆ!" ಎಂದು ಆಕೆ ಅವಳ ಭುಜ ಒತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವಳ ವರದಿಯನ್ನು ಅನುಮಾನಿಸದ ಹೆಂಗಸು. ಅನುಮಾನಿಸದ್ದರಿಂದಲೇ ಓದದ ಹೆಂಗಸು. ಯತಿರಾಜರು ಇಂಗ್ಲಿಷಿನಲ್ಲಿ ಮಾತಾಡಿದರು, ಚೆನ್ನಾಗಿಯೇ. ಜಾಕೆಟ್ಟು ತೆಗೆದು ಕೋಟಿನಲ್ಲಿ ನಿಂತಾಗ ಅವರ ಎತ್ತರ ಮರಳಿ ಬಂದಿತ್ತು. ಅವಳಿಗೆ ಸಮಾಧಾನವಾಯಿತು. ಬೀಳುವವರು ಎತ್ತರದಲ್ಲಿರಬೇಕು. ಮಾದೋಜ ಹಡಗು ಹತ್ತಿದ ಬಂದರು, ಅವನ ಉಳಿ, ಅವನು ಹೆಸರನ್ನು ಬಚ್ಚಿಟ್ಟ ಕಾರಣ, ಎಲ್ಲವೂ ಅವಳ ಹನ್ನೆರಡು ಹಾಳೆಗಳ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು. ತನ್ನ ಇಪ್ಪತ್ತಾರು ವರ್ಷದ ಮಾತುಗಳು ಆ ಬಾಯಿಯಿಂದ ಬರುವುದನ್ನು ಕೇಳುತ್ತ ಅವಳ ಕಣ್ಣು ತೇವವಾಯಿತು. ಪಕ್ಕದಲ್ಲಿದ್ದ ನಿರ್ದೇಶಕಿ ಅದನ್ನು ಗಮನಿಸಿ ಮುಗುಳ್ನಕ್ಕರು.

ಚಪ್ಪಾಳೆ ಮುಗಿದ ಮೇಲೆ ದೀಪ ಆರಿಸಿದರು. ಪರದೆಯ ತುಂಬ ದಂತ, ಹಳದಿ ಮರಳುಗಾಡಿನ ಹಾಗೆ, ಪ್ರತಿ ಗೀರಿಗೂ ನೆರಳು.

"ಸರ್, ಮಾದೋಜ ಎಲ್ಲಿದೆ ಅಂತ ನಮಗೂ ತೋರಿಸಿ ಸರ್" ಎಂದ ಸುನಿಲಕುಮಾರ ಲ್ಯಾಪ್‌ಟಾಪಿನ ಹಿಂದಿನಿಂದ.

ಯತಿರಾಜರ ಕೈಯ ಲೇಸರ್ ಕಡ್ಡಿಯ ಕೆಂಪು ಚುಕ್ಕೆ ಪರದೆಯ ಮೇಲೆ ಹೊರಟಿತು. ಬಲಕ್ಕೆ ಹೋಯಿತು, ಕೆಳಗಿಳಿಯಿತು, ಮತ್ತೆ ಮೇಲೆ. ನಿಂತು ನಡುಗಿತು. ಹಿಂದೆ ಯಾರೋ ಕೆಮ್ಮಿದರು. "ಒಂದ್ನಿಮಿಷ" ಎಂದರು. ಇಪ್ಪತ್ತು ವರ್ಷ ಕಣ್ಣು ಮುಚ್ಚಿದರೂ ಕಾಣುತ್ತಿದ್ದ ಅಕ್ಷರ ಅವರಿಗೆ ಸಿಗುತ್ತಿರಲಿಲ್ಲ. ಡಯಾನಾ ಆ ಚುಕ್ಕೆಯ ಹಿಂದೆಯೇ ಹೋದಳು, ಅದರ ಪ್ರತಿ ತಿರುವನ್ನೂ ಸವಿದಳು. ಇದೇ, ಇದೇ ಬೇಕಿತ್ತು.

"ಸರ್, ಮಿರರ್ ಮಾಡ್ಲಾ? ಉಲ್ಟಾ ಇದೆ ಅನ್ಸುತ್ತೆ" ಎಂದ ಸುನಿಲಕುಮಾರ, ಒಂದು ಗುಂಡಿ ಒತ್ತಿದ. ದಂತ ಎಡಬಲ ಮಗುಚಿತು. ಮೂರು ದುಂಡು ಗುರುತುಗಳು ಎದ್ದು ನಿಂತವು. "ಮಾ! ಕಾಣ್ತು, ಕಾಣ್ತು!" ಎಂದು ಒಬ್ಬ ಹೆಂಗಸು ಕೂಗಿದಳು, ಸಭೆ ಮತ್ತೆ ಚಪ್ಪಾಳೆ ತಟ್ಟಿತು, ಮೊದಲಿಗಿಂತ ಜೋರಾಗಿ. ಡಯಾನಾ ಕುರ್ಚಿಯ ಅಂಚಿಗೆ ಸರಿದಳು. ತಪ್ಪಿಸಿಕೊಂಡರು. ಈಗ ಬಗ್ಗಿ ನಮಸ್ಕಾರ ಮಾಡಿ ಇಳಿದುಬಿಡುತ್ತಾರೆ.

ಆದರೆ ಅವರು ಇಳಿಯಲಿಲ್ಲ. ಪರದೆಯ ಹತ್ತಿರ, ಇನ್ನೂ ಹತ್ತಿರ ಹೋದರು. ಚಿತ್ರ ಅವರ ಬೆನ್ನ ಮೇಲೆ, ಬೋಳು ನೆತ್ತಿಯ ಮೇಲೆ ಬಿದ್ದಿತು. ದುಂಡಿನ ನಡುವಿನ ತೂತಿನ ಮೇಲೆ ಬೆರಳಿಟ್ಟರು. ಎರಡನೆಯದರ ಮೇಲೆ, ಮೂರನೆಯದರ ಮೇಲೆ. ತಿರುಗಿದಾಗ ಬೆಳಕಿಗೆ ಕಣ್ಣು ಕಿರಿದಾಗಿಸಿ ಸಭೆಯಲ್ಲಿ ಯಾರನ್ನೋ ಹುಡುಕಿದರು. ಇಂಗ್ಲಿಷ್ ಬಿಟ್ಟುಹೋಗಿತ್ತು.

"ಪೆಟ್ಟಿಗೆ ಮೇಲೆ ಇದು ಹೀಗಿಲ್ಲ" ಎಂದರು ಕನ್ನಡದಲ್ಲಿ. "ಕನ್ನಡೀಲಿ ಮಾತ್ರ ಹೀಗಿದೆ. ಇದು ಅಕ್ಷರ ಅಲ್ಲ. ಕೈವಾರ." ಸಭೆಗೆ ಇನ್ನೂ ಅರ್ಥವಾಗಿರಲಿಲ್ಲ, ಕೆಲವರು ನಗುತ್ತಲೇ ಇದ್ದರು. ಅವರು ತುಟಿ ಒದ್ದೆ ಮಾಡಿಕೊಂಡರು. "ಒಂದು ವಿಷಯ ಹೇಳ್ಬೇಕು. ಈ ಓದು ನನ್ನದಲ್ಲ. ನಾನು ಪ್ರಕಟಿಸಿದ್ದು ಅಷ್ಟೇ. ಓದಿದ್ದು ನನ್ನ ಸ್ಟೂಡೆಂಟ್. ಡಯಾನಾ. ಇಲ್ಲೇ ಕೂತಿದ್ದಾಳೆ. ಅವಳನ್ನ ಕೇಳಿ."

ಎಪ್ಪತ್ತು ಮುಖಗಳು ತಿರುಗಿದವು. ಆ ವಾಕ್ಯವನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಭೆಗಳಲ್ಲಿ, ಎಷ್ಟು ಬಗೆಯಲ್ಲಿ ಅವರ ಬಾಯಿಯಿಂದ ಹೇಳಿಸಿದ್ದಳು! ಇಪ್ಪತ್ತು ವರ್ಷ ಕಾದ ವಾಕ್ಯ, ಒಂದಕ್ಷರ ಬಿಡದೆ ಬಂದಿತ್ತು, ಆ ಓದೇ ತಪ್ಪೆಂದು ಅವರಿಗೆ ಗೊತ್ತಾದ ಮರುಕ್ಷಣ. ಕೊಟ್ಟರೋ, ಎಸೆದರೋ? ಕಿವಿ ಬಿಸಿಯಾಯಿತು.

"ಏನು ಹೇಳುತ್ತಿದ್ದಾರೆ?" ಎಂದು ಫ್ರಾವ್ ಹೋಲ್ಷರ್ ಅವಳ ಕಡೆ ಬಾಗಿ ಜರ್ಮನ್‌ನಲ್ಲಿ ಪಿಸುಗುಟ್ಟಿದರು.

ಏನು ಬೇಕಾದರೂ ಹೇಳಬಹುದಿತ್ತು. ಸುಸ್ತಾಗಿದೆಯಂತೆ, ನೀರು ಕೇಳುತ್ತಿದ್ದಾರೆ. ಆಕೆಗೆ ಕನ್ನಡ ಬಾರದು. ಡಯಾನಾ ತನ್ನ ಕೈಗಳನ್ನು ನೋಡಿಕೊಂಡಳು. ಈಗ ನಡುಗುತ್ತಿದ್ದವು.

"ಈ ಓದು ತಪ್ಪು ಅನ್ನುತ್ತಿದ್ದಾರೆ. ಅದು ತಮ್ಮದಲ್ಲ, ನನ್ನದು ಅನ್ನುತ್ತಿದ್ದಾರೆ."

"ನಿಮ್ಮದೇ?"

"ನನ್ನದೇ."

ಆಕೆ ಪರದೆಯನ್ನು ನೋಡಿದರು, ಚಿತ್ರದ ಮೂಲೆಯಲ್ಲಿದ್ದ ದಿನಾಂಕವನ್ನು ನೋಡಿದರು. ಅವಳ ಕಡೆಗೆ ತಿರುಗಿದಾಗ ಆ ಮುಖದಲ್ಲಿ ಹನ್ನೊಂದು ವರ್ಷ ಇದ್ದ ಏನೋ ಇರಲಿಲ್ಲ. "ನಾಲ್ಕು ವರ್ಷದಿಂದ ನಿಮಗೆ ಗೊತ್ತಿತ್ತು. ಇದು ಗೌರವಕ್ಕೆ ಅಂದಿರಿ."

"ಹೌದು."

"ಸೋಮವಾರ ಒಂಬತ್ತಕ್ಕೆ ನನ್ನ ಕೋಣೆಗೆ ಬನ್ನಿ."

ಡಯಾನಾ ಎದ್ದಳು. ಸಾಲಿನಲ್ಲಿದ್ದವರು ಮೊಣಕಾಲು ಸರಿಸಿ ದಾರಿ ಬಿಟ್ಟರು. ವೇದಿಕೆಯಲ್ಲಿ ಯತಿರಾಜರು ಕೆಂಪು ಚುಕ್ಕೆಯ ಆ ಕಡ್ಡಿಯನ್ನು ಅವಳ ಕೈಗೆ ಕೊಟ್ಟು, ಕಣ್ಣು ತಪ್ಪಿಸಿ, ಮೊದಲನೇ ಸಾಲಿನ ಖಾಲಿ ಕುರ್ಚಿಗೆ ಹೋಗಿ ಕೂತರು. ಮೈಕು ಅವರ ಎತ್ತರಕ್ಕಿತ್ತು, ಅವಳು ತಗ್ಗಿಸಿಕೊಂಡಳು. ಬಾಯಿಂದ ಹೊರಟದ್ದು ಕ್ಷಮೆಯೂ ಅಲ್ಲ, ದೂರೂ ಅಲ್ಲ, ಬರೀ ಪಾಠ. ಗ್ರಂಥಾಲಯ, ಭೂತಗನ್ನಡಿ, ತಿರುಗುಮುರುಗಾದ ಚಿತ್ರ. ಇಲ್ಲಿ ಮಾ ಕಂಡಿತು ನನಗೆ, ಇಲ್ಲಿ ದೋ, ಇದು ಜ. ಆ ಹೆಸರನ್ನು ಅವಳು ನಾಲ್ಕು ಜನರ ಎದುರು ಗಟ್ಟಿಯಾಗಿ ಓದಿದ್ದು ಇದೇ ಮೊದಲು. ಆ ಸೆಮಿನಾರಿನಲ್ಲಿ ಅಷ್ಟು ದೂರ ಹೋಗಲು ಬಿಟ್ಟಿರಲಿಲ್ಲ. ಈಗ ಓದುವಾಗ ಒಂದು ಕ್ಷಣ ಅಕ್ಷರಗಳು ಮತ್ತೆ ನಿಜವಾಗಿ ಕಂಡವು. ಆಮೇಲೆ ತೂತುಗಳನ್ನು ತೋರಿಸಿದಳು, ಒಂದೊಂದಾಗಿ. ಕೈವಾರದ ಕಾಲು ಎಲ್ಲಿ ಊರಿತು, ಎಲ್ಲಿ ಜಾರಿತು, ಕೆಲಸಗಾರ ಎಲ್ಲಿ ಮತ್ತೆ ಶುರುಮಾಡಿದ. ಹಿಂದಿನ ಸಾಲಿನ ಜರ್ಮನ್ ವೃದ್ಧರೊಬ್ಬರು, ಭಾಷೆ ತಿಳಿಯದಿದ್ದರೂ, ಮುಂದೆ ಬಾಗಿ ಕೆಂಪು ಚುಕ್ಕೆಯನ್ನು ಹಿಂಬಾಲಿಸತೊಡಗಿದರು. ಯಾರೂ ನಗಲಿಲ್ಲ. ಅವಳ ದನಿ ನೆಲ ಕಂಡುಕೊಂಡಿತು, ಊರಿನ ಕನ್ನಡ ಊರಿನ ಕನ್ನಡವಾಗಿಯೇ ಬಂತು.

ಮುಚ್ಚಳದ ಅಂಚಿನ ಮರ ಸಿಸಿಲಿಯದ್ದು ಎನ್ನಲು ಕಾರಣಗಳನ್ನು ಹೇಳುತ್ತಿರುವಾಗ ಅವಳ ಕಣ್ಣು ಪರದೆಯ ಬೆಳಕಿನಲ್ಲಿದ್ದ ಮೊದಲನೇ ಸಾಲಿನ ಮೇಲೆ ಬಿತ್ತು. ಯತಿರಾಜರು ಕುಗ್ಗಿ ಕೂತಿರಲಿಲ್ಲ. ಆಮಂತ್ರಣ ಪತ್ರವನ್ನು ಮಗುಚಿ ಮೊಣಕಾಲಿನ ಮೇಲಿಟ್ಟುಕೊಂಡು, ಪಕ್ಕದವರಿಂದ ಪೆನ್ನು ಕೇಳಿ ಪಡೆದು, ಬರೆದುಕೊಳ್ಳುತ್ತಿದ್ದರು. ಮರ. ತೂತು. ಕೈವಾರ. ಸಣ್ಣ, ಚುರುಕಾದ ಅಕ್ಷರದಲ್ಲಿ, ಒಳ್ಳೆಯ ವಿದ್ಯಾರ್ಥಿಯ ಹಾಗೆ, ಒಂದು ಮಾತೂ ತಪ್ಪದಂತೆ. ಅವರ ಮುಖದಲ್ಲಿ ನಾಚಿಕೆ ಎಂಬುದೇ ಇರಲಿಲ್ಲ. ಹಸಿವು ಮಾತ್ರ ಇತ್ತು. ಮುಂದಿನ ಲೇಖನ ಆಗಲೇ ಶುರುವಾಗಿತ್ತು.

ಅವಳು ಮಾತು ನಿಲ್ಲಿಸಿದಳು. ಸಭೆ ಕಾಯಿತು. ಯತಿರಾಜರೂ ಪೆನ್ನು ಎತ್ತಿ ಹಿಡಿದು, ಮುಂದೇನು ಎಂಬಂತೆ ತಲೆ ಎತ್ತಿದರು.

"ಸರ್" ಎಂದಳು ಅವಳು ಮೈಕಿನಲ್ಲಿ, "ಮೊದಲು ಹೆಸರು ಬರ್ಕೊಳ್ಳಿ. ಡಯಾನಾ ಕ್ರಾಸ್ತಾ. ನೀವು ಬರೆಯುವ ತನಕ ನಾನು ನಿಂತಿರ್ತೇನೆ."